ಹೊಗೆಸೊಪ್ಪಿಲ್ಲದ ಊರಿನ ತಲೆಸುತ್ತು

ಹಾರನಹಳ್ಳಿ
18-8-2024

ನನ್ನ ಪೂಜವ್ವನಿಗೆ,

ನಿಮ್ಮಪ್ಪನ ಆಶೀರ್ವಾದ. ಫೋನು ಬಿಟ್ಟು ಕಾಗದ ಯಾಕೆ ಅಂದ್ಕೋಬೇಡ. ನಿಮ್ಮತ್ತೆ ಸ್ಪೀಕರ್ ಹಾಕಿಯೇ ನಿನ್ನ ಕೈಗೆ ಫೋನು ಕೊಡೋದು. ಬೀಗರೇ ಹೊಗೆಸೊಪ್ಪು ಹೆಂಗೈತೆ ಅಂತ ಅವರೇ ಮೊದಲು ಕೇಳ್ತಾರೆ. ಸೊಪ್ಪು ಚೆನ್ನಾಗೇ ಇದೆ. ನಿನ್ನಣ್ಣ ಪ್ರಸಾದ ಸೊಪ್ಪು ಒಣಗಿಸೋ ಬ್ಯಾರನ್‌ಗೆ ಸೌದೆ ಹಾಕಿಕೊಂಡು ಆರಾಮಾಗಿದ್ದಾನೆ. ಅದಿರಲಿ. ಮೊನ್ನೆ ನೀನು ನಗ್ತಾ ಅಂದೆ, ಬಗ್ಗಿ ಎದ್ದರೆ ತಲೆ ಸುತ್ತುತ್ತೆ, ಬೆಳಿಗ್ಗೆ ವಾಂತಿ, ಬಸುರಿಯೂ ಅಲ್ಲ ಅಂತ. ಅದಕ್ಕೇ ಈ ಕಾಗದ ಕಣವ್ವ.

ನಿಮ್ಮವ್ವನಿಗೂ ಹೀಗೇ ಶುರುವಾದದ್ದು. ಹಸಿ ಹೊಗೆಸೊಪ್ಪು ಕಡ್ಡಿಗೆ ಕಟ್ಟೋ ಹೆಂಗಸರಿಗೆ ತಲೆಸುತ್ತು, ವಾಂತಿ ಇದ್ದದ್ದೇ. ಪಕ್ಕದ ಮನೆ ಪುಟ್ಟಸಿದ್ದಮ್ಮ ಬಂದು, ನಿನ್ನ ಹೆಂಡ್ತಿ ಸುಂದ್ರಿಗೆ ಸೊಪ್ಪಿನ ಅಮಲು ಏರೈತೆ, ಮಜ್ಜಿಗೆ ಕುಡಿಸಿ ಅಂದಳು. ಎರಡು ವರ್ಷ ಕುಡಿಸಿದೆವು. ತಲೆಯೊಳಗೆ ರಕ್ತನಾಳದ ಗಂಟು ಬೆಳೆಯುತ್ತಿದೆ ಅಂತ ಯಾರಿಗೆ ಗೊತ್ತು? ಗೊತ್ತಾದ ಮೇಲೆ ಅವಳು ಉಳಿಯಲಿಲ್ಲ. ನಿಮ್ಮ ಕೆ.ಆರ್. ನಗರ ಭತ್ತದ ಸೀಮೆ. ಅಲ್ಲಿ ಸೊಪ್ಪೇ ಇಲ್ಲವಲ್ಲವ್ವ, ನಿನ್ನ ತಲೆಸುತ್ತನ್ನ ಯಾವುದರ ಮೇಲೆ ಹಾಕಲಿ?

ಇದು ವಂಶದಲ್ಲಿ ಬರೋದು ಅಂತ ಮೈಸೂರಿನ ಡಾಕ್ಟರಮ್ಮ ಹೇಳಿದ್ದನ್ನ ನೀನು ಪೂರ್ತಿ ಕೇಳಲೇ ಇಲ್ಲ. ಟ್ರಾನ್ಸ್‌ಕ್ರಿಪ್ಷನ್ ಅಂದರು. ನಾನು ಪಿಯುಸಿ ಇಂಗ್ಲಿಷ್ ಪಿರಿಯಡ್‌ನಲ್ಲಿ ಕೇಳಿದ ಪದ, ನಕಲು ತೆಗೆಯೋದು ಅಂತಿರಬೇಕು. ಜೀವಕೋಶಕ್ಕೆ ಉಸಿರು ಸಾಲದಾದಾಗ ಒಂದು ಪ್ರೋಟೀನು ಎದ್ದು, ರಕ್ತನಾಳ ಬೆಳೆಸೋ ಜೀನುಗಳನ್ನ ನಕಲು ಮಾಡಿಸುತ್ತಂತೆ. ಉಸಿರು ಸಾಕಾದಾಗ ಇನ್ನೊಂದು ಪ್ರೋಟೀನು ಬಂದು ಅದನ್ನ ಹಿಡಿದು ಮುಗಿಸುತ್ತೆ. ನಿಮ್ಮವ್ವನಿಗೆ ಆ ಹಿಡಿಯೋದೇ ಕೆಟ್ಟಿತ್ತು. ಬ್ಯಾರನ್ ಸಾಕಷ್ಟು ಕಾದಿದ್ದರೂ ಸೌದೆ ತುರುಕ್ತಾನೇ ಇದ್ದ ಹಾಗೆ, ನಕಲು ನಿಲ್ಲಲೇ ಇಲ್ಲ. ಮಕ್ಕಳಿಗೆ ಬರೋದು ಫಿಫ್ಟಿ ಫಿಫ್ಟಿ.

ಬೇಗ ಗೊತ್ತಾದರೆ ಗಂಟು ಸಣ್ಣದಿರುವಾಗಲೇ ತೆಗೀಬಹುದಂತೆ. ನೀನೋ, ನನಗೇನಾಗೈತೆ ಬುಡಪ್ಪ, ಗೊತ್ತಾದ್ರೆ ಅತ್ತೆ ಮನೆಯೋರು ರೋಗದ ಹೆಣ್ಣು ತಂದ್ವಿ ಅಂತಾರೆ ಅಂತ ವರ್ಷದಿಂದ ರಕ್ತಪರೀಕ್ಷೆ ತಳ್ತಾ ಬಂದೆ. ಅನ್ನಲಿ ಬುಡವ್ವ. ಅಂದದ್ದಕ್ಕೆ ಯಾರೂ ಸಾಯಲ್ಲ.

ಬುಧವಾರ ಮೈಸೂರಿಗೆ ಬಾ, ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ. ಅಪ್ಪನಿಗೆ ಹುಷಾರಿಲ್ಲ ಅಂತ ಅತ್ತೆಗೆ ಹೇಳು. ಸುಳ್ಳೇನಲ್ಲ.

ನಿನ್ನ ದಾರಿ ಕಾಯುವ,
ಅಪ್ಪ ಚಿಕ್ಕಬಸಪ್ಪ

ತಾ.ಕ.: ಪ್ರಸಾದ ಆರಾಮಾಗಿದ್ದಾನೆ ಅಂತ ಬರೆದೆ. ಅವನ ರಕ್ತದ ವರದಿ ಶುಕ್ರವಾರ ಬಂತು. ಅವನಿಗೆ ಇದೆ. ಪೂಜಂಗೆ ಹೇಳಬ್ಯಾಡ, ಹೆದರಿ ಬರೋದೇ ಬಿಟ್ಟಾಳು ಅಂದಿದ್ದ. ಫಿಫ್ಟಿ ಫಿಫ್ಟಿ ಅಲ್ವಾ, ಅವನಿಗೆ ಬಂತು, ಹಾಗಾದರೆ ನನ್ನ ಮಗಳು ಉಳಿದುಕೊಂಡಳು ಅಂತ ಡಾಕ್ಟರಮ್ಮನ ಮುಂದೆ ಬಾಯಿಬಿಟ್ಟು ಅಂದುಬಿಟ್ಟೆ ಕಣವ್ವ. ಹಾಗಲ್ಲ ಯಜಮಾನ್ರೇ, ಒಂದೊಂದು ಮಗೂಗೂ ಬೇರೆ ಬೇರೆ ಲೆಕ್ಕ ಅಂದರು. ಪ್ರಸಾದ ನನ್ನ ಪಕ್ಕದಲ್ಲೇ ಕೂತಿದ್ದ.