ಕಿಟಕಿಯ ಹಾಡಿನ ನಂತರ

ಅಮ್ಮ,

ನಾವಿಬ್ಬರೂ ಮತ್ತೆ ಮತ್ತೆ ನೋಡುತ್ತಿದ್ದ ಆ ಸಿನಿಮಾವನ್ನು ಈಗ ಹಾಡು ಕುಣಿತದ ನಾಟಕ ಮಾಡಿದ್ದಾರೆ. ಇವತ್ತು ಮಧ್ಯಾಹ್ನದ ಆಟಕ್ಕೆ ಮಗಳು ಕರೆದುಕೊಂಡು ಹೋಗಿದ್ದಳು.

ಕಥೆಯ ತಾಯಿ ಕಿಟಕಿಯಲ್ಲಿ ಕೂತು ಹಾಡುವ ಹಾಡು ಮುಗಿಯುತ್ತಿದ್ದಂತೆ ನನ್ನ ಕೈ ತಾನಾಗಿ ಚೀಲ ಎತ್ತಿಕೊಂಡಿತು. ಆಗ ಟಾಕೀಸಿನಲ್ಲಿ ಪ್ರತಿ ಸಲವೂ ನೀನು ಅಲ್ಲಿಗೇ, "ಏಳೇ, ಜನ ನುಗ್ತಾರೆ, ಬಸ್ಸು ಸಿಗಲ್ಲ" ಎಂದು ಎಬ್ಬಿಸುತ್ತಿದ್ದೆ. ಆ ಹಾಡೇ ಕಥೆಯ ಕೊನೆ ಎಂದು ನಾನು ತಿಳಿದಿದ್ದೆ.

"ಎಲ್ಲಿಗಮ್ಮಾ? ಇನ್ನೂ ಇದೆ" ಎಂದಳು ಮಗಳು.

ಇತ್ತು. ಹಾಡಿನ ನಂತರ ತಾಯಿ ಸಾಯುತ್ತಾಳೆ. ಬಾಗಿಲ ಕಡೆ ನೋಡುತ್ತಾ, ಒಬ್ಬಳೇ, ವಾದ್ಯಗಳೆಲ್ಲ ನಿಂತ ಮೇಲೆ. ನೀನೊಬ್ಬಳೇ ಎಂದೋ ಹೋಗಿ ಪೂರ್ತಿ ನೋಡಿ ಬಂದಿರಬೇಕು.

ಪರದೆ ಮತ್ತೆ ಎದ್ದಾಗ ಆ ನಟಿ ಬೆವರೊರೆಸಿಕೊಳ್ಳುತ್ತಾ ಬಂದು, ನಗುತ್ತಾ ಕೈಮುಗಿದಳು.

"ಏಳಮ್ಮಾ, ಎಲ್ಲರೂ ನಿಂತು ಚಪ್ಪಾಳೆ ಹೊಡೀತಿದಾರೆ. ನೀನೊಬ್ಳೇ ಗೂಟ ಹೊಡೆದ ಹಾಗೆ ಕೂತಿದೀಯಲ್ಲ!"

ನನಗೆ ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಆ ಕೊನೆಯ ಸಂಜೆಯೂ ನೀನು ಗೋಡೆಯ ಗಡಿಯಾರ ನೋಡಿ, "ಏಳೇ, ಬಸ್ಸು ಸಿಗಲ್ಲ" ಎಂದಿದ್ದೆ. ನಾನು ಚೀಲ ಎತ್ತಿಕೊಂಡು ಹೊರಟೆ.

ಬಸ್ಸು ಬೇಗನೆ ಸಿಕ್ಕಿತು, ಅಮ್ಮ.