ಕತ್ತರಿಸಿದ ಮೌನ

ಮಾರ್ಚ್ 4
ಬಂದವಳೇ ಸರ್ವರ್ ನೋಡಿದೆ. ಮತ್ತೆ ಕೆಂಪು, ಜಾಗ ಭರ್ತಿ. ಮಾತು ತೊದಲುವವರ ಕ್ಲಿನಿಕ್ ಇದು, ಪ್ರತಿ ಸೆಷನ್ನೂ ರೆಕಾರ್ಡ್ ಆಗಬೇಕು, ಯಾವುದನ್ನೂ ಅಳಿಸುವಂತಿಲ್ಲ. ಹೊಸ ಡಿಸ್ಕ್ ಕೇಳಿದರೆ ಯಜಮಾನರು, “ಇರೋದ್ರಲ್ಲೇ ಹೊಂದಿಸಮ್ಮ” ಎಂದರು. ಹಳೆಯದನ್ನಾದರೂ ಟೇಪಿಗೆ ಹಾಕೋಣ — ನಿಧಾನ, ಆದರೆ ಅಗ್ಗ — ಎಂದೆ. ಅದಕ್ಕೊಂದು ಟೇಪ್ ಡ್ರೈವ್ ಕೊಳ್ಳಬೇಕು ಎಂದ ಕೂಡಲೇ ಮುಖ ಸಿಂಡರಿಸಿದರು. ಇದಕ್ಕಿಂತ ಸಂಸಾರ ತೂಗಿಸೋದೇ ಸುಲಭ.

ಮಾರ್ಚ್ 6, ಸಂಜೆ
ಉಪಾಯ ಹೊಳೆಯಿತು! ರೆಕಾರ್ಡಿಂಗ್‌ಗಳಲ್ಲಿ ಅರ್ಧಕ್ಕರ್ಧ ಸದ್ದಿಲ್ಲದ ಜಾಗ. ಅದನ್ನು ಕತ್ತರಿಸುವ ಪ್ರೋಗ್ರಾಮ್ ಹಚ್ಚಿದೆ, ತೀರ ಹಳೆಯದರಿಂದ ಶುರು. ಕೆಂಪು ಹೋಗಿ ಹಸಿರು. ಖರ್ಚು ಸೊನ್ನೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 19
ನಾಳೆ ನಮ್ಮ ಹಳೆಯ ಪೇಷಂಟ್ ಟೈಲರಣ್ಣನ ಕೊನೆಯ ಸೆಷನ್. ಕೊನೆಯ ದಿನ ಮೊದಲ ದಿನದ ರೆಕಾರ್ಡಿಂಗ್ ಕೇಳಿಸುವುದು ನಮ್ಮಲ್ಲಿ ರೂಢಿ — ಎಲ್ಲಿದ್ದೆ, ಎಲ್ಲಿಗೆ ಬಂದೆ ಅಂತ ಅವರಿಗೇ ಗೊತ್ತಾಗಲಿ ಎಂದು. ಈ ಸಲ ಹೆಂಡತಿಯನ್ನೂ ಕರೆತರುತ್ತಾನಂತೆ. ಅವತ್ತು ಹೇಳಿದ್ದನ್ನು ಅವಳು ಕೇಳಲೇಬೇಕಂತೆ.

ಆ ರೆಕಾರ್ಡಿಂಗ್ ತೆಗೆದಿಡಲು ಹೋದ ಡಾಕ್ಟರಮ್ಮ ನನ್ನನ್ನು ಕರೆದರು.

“ಇದರಲ್ಲಿ ಅವನ ತೊದಲು ಎಲ್ಲಿ?”

ಅವನದು ಅಕ್ಷರ ಮತ್ತೆ ಮತ್ತೆ ಬರುವ ತೊದಲಲ್ಲ. ಗಂಟಲು ಕಟ್ಟುತ್ತದೆ, ಸದ್ದೇ ಇಲ್ಲದೆ ನಿಂತುಬಿಡುತ್ತಾನೆ. ಆ ನಿಂತ ಹೊತ್ತನ್ನೆಲ್ಲ ನಾನು ಕಸ ಎಂದು ಗುಡಿಸಿದ್ದೇನೆ. ಮೂಲ ಫೈಲ್ ಉಳಿದಿಲ್ಲ.

“ಖಾಲಿ ಜಾಗ ಅಂದ್ಕೊಂಡೆ.”

“ಅವನು ಒದ್ದಾಡಿದ್ದೇ ಅಲ್ಲಿ ಕಣೇ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರೋಗ್ರಾಮ್ ನಿಲ್ಲಿಸಿದೆ. ಅವರು ಯಜಮಾನರ ಹತ್ತಿರ ಜಗಳ ಕಾಯ್ದು ಟೇಪ್ ಡ್ರೈವ್‌ಗೆ ಹೂಂ ಅನ್ನಿಸಿಕೊಂಡು ಬಂದರು. ಉಳಿದದ್ದೆಲ್ಲ ಇದ್ದ ಹಾಗೇ ಟೇಪಿಗೆ. ಆದರೆ ಟೈಲರಣ್ಣನದು…

ಮಾರ್ಚ್ 20
ಗಂಡ ಹೆಂಡತಿ ಕೂರುವ ಮೊದಲೇ ನಡೆದದ್ದು ಹೇಳಿಬಿಟ್ಟೆ. ಟೈಲರಣ್ಣ ಹೆಂಡತಿಗೆ ಕುರ್ಚಿ ಎಳೆದುಕೊಟ್ಟ. “ಇರಲಿ, ಹಾಕಿ” ಎಂದ.

ಅವನ ಹಳೆಯ ಧ್ವನಿ, ಒಂದೇ ಉಸಿರಿನಲ್ಲಿ: “ಎದುರಂಗಡೀಲಿ ಒಬ್ಳು ಗುಂಡಿ, ದಾರ ಮಾರ್ತಾಳೆ. ನನ್ನ ಮದುವೆ ಆಗ್ತೀಯಾ ಅಂತ ಕೇಳ್ಬೇಕು. ಅಷ್ಟು ಕಲಿಸ್ಕೊಡಿ ಸಾಕು.”

ಹೆಂಡತಿ ಅವನ ಕಡೆ ತಿರುಗಿದಳು. “ಇಷ್ಟು ಸರಾಗವಾಗಿ ನೀವು ಯಾವತ್ತು ಹೇಳಿದ್ರಿ?”

“ಒಳಗೆ ಯಾವಾಗ್ಲೂ ಹೀಗೇ ಹೇಳ್ತಿದ್ದೆ.”

ನನಗೆ ಅಳು ಬಂತು. ಅತ್ತುಬಿಟ್ಟೆ. ಡಾಕ್ಟರಮ್ಮನೂ ಕನ್ನಡಕ ಒರೆಸಿಕೊಂಡರು.

ಹೊರಡುವಾಗ ಟೈಲರಣ್ಣ ನನ್ನ ಕಡೆ ನೋಡಿ, ಕೈಮುಗಿದು ಏನೋ ಹೇಳಹೊರಟ. ಗಂಟಲು ಕಟ್ಟಿತು — ಈಗಲೂ ಒಮ್ಮೊಮ್ಮೆ ಕಟ್ಟುತ್ತದೆ. ಯಾವ ಪದ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಿಕೊಡಲಿಲ್ಲ. ಹೆಂಡತಿ ಅವಸರವಿಲ್ಲದೆ ಪಕ್ಕದಲ್ಲಿ ನಿಂತಿದ್ದಳು. ರೆಕಾರ್ಡರ್ ಇನ್ನೂ ಓಡುತ್ತಿತ್ತು. ನಿಲ್ಲಿಸಲು ಚಾಚಿದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ. ಓಡಲಿ…