ಯಾಕಮ್ಮನ ವಿಚಾರಣೆ

ಪ್ರಾಧ್ಯಾಪಕರ ವಸತಿ, ಮನೆ ನಂ. 9
ಮಾರ್ಚ್ 14, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿ ಊತ ಇಳಿಯಿತಾ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ ಮೇಲೂ ನೀನು ಬಟ್ಟೆ ಒಣಹಾಕೋಕೆ ಮಹಡಿಗೆ ಹೋಗಿದ್ದೆಯಂತೆ, ಅಕ್ಕ ಫೋನಿನಲ್ಲಿ ದೂರಿದಳು. ನಿನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ನನ್ನ ಲ್ಯಾಬು ನೋಡಿದಾಗ ನೀನು "ಮಕ್ಕಳಿಗೆ ಕಳ್ಳತನ ಕಲಿಸ್ತೀಯೇನೋ" ಅಂತ ನಕ್ಕಿದ್ದೆ. ಇಪ್ಪತ್ತು ಕಂಪ್ಯೂಟರು, ಹೊರಗಿನ ಸಂಪರ್ಕವೇ ಇಲ್ಲ. ಒಳಗೆ ಬೇಕಂತಲೇ ತಪ್ಪುಗಳನ್ನಿಟ್ಟು ಒಂದು ಸುಳ್ಳು ಬ್ಯಾಂಕು ಕಟ್ಟಿದ್ದೇನೆ. ಮಕ್ಕಳು ಅದಕ್ಕೆ ನುಗ್ಗಬೇಕು, ಹೇಗೆ ನುಗ್ಗಿದೆವು ಅಂತ ಬರೆಯಬೇಕು, ಆಮೇಲೆ ಆ ಕಿಂಡಿಯನ್ನು ತಾವೇ ಮುಚ್ಚಬೇಕು. ಕೈಯಾರೆ ಮಾಡದೆ ಈ ವಿದ್ಯೆ ತಲೆಗೆ ಹತ್ತುವುದಿಲ್ಲ ಅಮ್ಮಾ.

ಈ ಸಲ ಒಬ್ಬಳು ದರ್ಜಿಯ ಮಗಳಿದ್ದಳು. ಮಾತುಮಾತಿಗೂ "ಯಾಕೆ ಸಾರ್" ಅನ್ನುತ್ತಿದ್ದಳು, ಅದಕ್ಕೇ ಗೆಳತಿಯರು ಯಾಕಮ್ಮ ಅಂತ ಹೆಸರಿಟ್ಟಿದ್ದರು. ಹೋದ ತಿಂಗಳು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ತನ್ನ ಆರೋಗ್ಯ ತಪಾಸಣೆಯ ವರದಿ ನೋಡುವಾಗ, ವಿಳಾಸದ ಸಾಲಿನಲ್ಲಿ ಒಂದು ಅಂಕಿ ಬದಲಿಸಿ ನೋಡಿದಳಂತೆ. ಇನ್ಯಾರದೋ ವರದಿ ತೆರೆದುಕೊಂಡಿತು. ಓದದೆ ಮುಚ್ಚಿದಳು. ಅವತ್ತೇ, ತನ್ನ ಹೆಸರು ಹಾಕಿಯೇ, ಇಲ್ಲೊಂದು ಕಿಂಡಿ ಇದೆ ಮುಚ್ಚಿಸಿ ಅಂತ ಕಚೇರಿಗೆ ಬರೆದಳು. ಕಿಂಡಿ ಹಾಗೇ ಇದೆ. ಅವಳನ್ನು ವಿಚಾರಣೆಗೆ ಕರೆದರು.

ಅವಳಪ್ಪ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿಬಂದರು. "ನನಗಿದೆಲ್ಲ ತಿಳಿಯಲ್ಲ ಸಾರ್. ನೀವು ಕಲಿಸಿದ್ದನ್ನೇ ತಾನೇ ಅವಳು ಮಾಡಿದ್ದು?" ಅಂದರು. ಹೌದು ಅಂದೆ. ಟೀ ತರಿಸಿದೆ, ಮುಟ್ಟಲಿಲ್ಲ. ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ, ಕುಲಸಚಿವರ ಹತ್ತಿರ ಹೋದೆ. ಪಾಪ ಒಳ್ಳೆಯ ಹುಡುಗಿ ಅಂತ ಎಲ್ಲರೂ ಅಂದರು, ನಮ್ಮ ಕೈಲೇನಿದೆ ಅಂತಲೂ ಅಂದರು. ನಿನ್ನೆ ಅವಳನ್ನು ಒಂದು ವರ್ಷ ಹೊರಗಿಟ್ಟರು. ಪುಸ್ತಕ ಒಯ್ಯಲು ಲ್ಯಾಬಿಗೆ ಬಂದವಳು ನನ್ನನ್ನು ಏನೂ ಕೇಳಲಿಲ್ಲ. ಕುರ್ಚಿ ಸರಿಯಾಗಿ ಒಳಗೆ ತಳ್ಳಿ ಹೋದಳು.

ಭಾವನಿಗೆ ನಮಸ್ಕಾರ ಹೇಳು, ಅಕ್ಕನ ಮಾತು ಸ್ವಲ್ಪ ಕೇಳು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ,
ಚಿಕ್ಕವನು

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ವಿಚಾರಣೆಯಲ್ಲಿ ನನ್ನ ಮುಂದೆ ಟೈಪು ಮಾಡಿದ ಹಾಳೆಯೊಂದನ್ನಿಟ್ಟರು. 'ಇಂಥದ್ದನ್ನು ನಾನು ಕಲಿಸಿಲ್ಲ' ಅಂತಿತ್ತು. ರುಜು ಹಾಕದಿದ್ದರೆ ಲ್ಯಾಬು ಮುಚ್ಚುತ್ತೇವೆ ಅಂದರು. ರುಜು ಹಾಕಿಬಿಟ್ಟೆ ಅಮ್ಮಾ. ಹೊರಗೆ ಬಂದಾಗ ಅವಳಪ್ಪ ಎದ್ದು ನಿಂತು, "ನೀವೊಬ್ಬರಾದರೂ ನಮ್ಮ ಪರ ಇದ್ದಿರಲ್ಲ ಸಾರ್" ಅಂತ ಕೈ ಮುಗಿದರು.